ಬೆಳಿಗ್ಗೆ ಎರಡು ಲೀಟರ್ ನೀರು ಕುಡಿದರೆ ಕೊಲೆಸ್ಟ್ರಾಲ್ ತೊಳೆದು ಹೋಗುತ್ತಾ?

ಪ್ರಶ್ನೆ: ನನಗೆ 26 ವರ್ಷ. ತುಮಕೂರಿನಲ್ಲಿ ಕೂತು ಮಾಡುವ ಕೆಲಸ. ಎತ್ತರ 168 ಸೆಂ.ಮೀ., ತೂಕ 84 ಕೆ.ಜಿ. ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 230, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 34, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 128 ಬಂದಿದೆ. ಎದ್ದ ಕೂಡಲೇ ಎರಡು ಲೀಟರ್ ನೀರು ಕುಡಿದು, ಅಮಾನಿಕೆರೆ ಹತ್ತಿರ ವಾಕ್ ಮಾಡಿದರೆ ಸಾಕಾ?

ಉತ್ತರ: ವಾಕ್ ಖಂಡಿತ ಬೇಕು. ಎರಡು ಲೀಟರ್ ನೀರು ಒಂದೇ ಸಲಕ್ಕೆ ಬೇಡ.

ನೀರು ಕೊಬ್ಬನ್ನು ತೊಳೆಯುತ್ತದೆ ಅನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. ಜಿಡ್ಡು ಹಿಡಿದ ಬಾಣಲೆಗೆ ಬರೀ ನೀರು ಸುರಿದು ನೋಡಿ, ಜಿಡ್ಡು ಹೋಗುತ್ತಾ? ಕೊಲೆಸ್ಟ್ರಾಲ್ ಕೂಡ ನೀರಿನಲ್ಲಿ ಕರಗುವುದಿಲ್ಲ, ಮೂತ್ರದಲ್ಲಿ ಹೋಗುವುದೂ ಇಲ್ಲ. ಲಿವರ್ ಅದನ್ನು ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಅಲ್ಲಿಂದಲೂ ಸಾಕಷ್ಟು ಪಾಲು ಮತ್ತೆ ಒಳಕ್ಕೇ ವಾಪಸ್ ಬರುತ್ತದೆ. ಹಾಗೆ ಬರದಂತೆ ತಡೆಯುವುದು ಆಹಾರದ ನಾರು. ಅವರೆ, ಹುರುಳಿ, ಹೆಸರುಕಾಳು, ಸೊಪ್ಪು ಹಾಕಿದ ಸಾರು ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ಹಾಗಾದರೆ ನೀರು ದಂಡವಾ? ಅಲ್ಲವೇ ಅಲ್ಲ. ನೀವು ಯಾವುದನ್ನು ಬಿಟ್ಟು ನೀರು ಕುಡಿಯುತ್ತೀರಿ ಅನ್ನುವುದು ಮುಖ್ಯ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಏಳೆಂಟು ಚಮಚ. ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಬದಲಿಸಿ ರಕ್ತಕ್ಕೆ ಬಿಡುತ್ತದೆ. ಅದೇ ಟ್ರೈಗ್ಲಿಸರೈಡ್. 150ರ ಒಳಗಿರಬೇಕಾದದ್ದು ನಿಮಗೆ 230 ಇದೆ. ಸಂಜೆಯ ಕೂಲ್‌ಡ್ರಿಂಕ್, ಬಾಟಲಿ ಜ್ಯೂಸ್, ಸಕ್ಕರೆ ಜಾಸ್ತಿ ಇರುವ ಟೀ ಇದ್ದರೆ ಮೊದಲು ಅಲ್ಲಿ ಕೈ ಹಾಕಿ. ಮದ್ಯವೂ ಟ್ರೈಗ್ಲಿಸರೈಡ್ ಏರಿಸುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಎರಡು ಲೋಟ ನೀರು ಕುಡಿದರೆ ಕೆಲವರಿಗೆ ಊಟ ಸ್ವಲ್ಪ ಕಡಿಮೆಯಾಗುತ್ತದೆ, ಬೇಕಾದರೆ ಮಾಡಿ ನೋಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾವಗಡ ಕಡೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ಆ ಕಡೆಯವರು ನೀರು ಜಾಸ್ತಿ ಕುಡಿಯಲು ಶುರುಮಾಡುವ ಮುಂಚೆ ಯಾವ ನೀರು ಅಂತ ನೋಡಿಕೊಳ್ಳಿ.

ಇನ್ನು ವಾಕ್. ಸುಮ್ನೆ ಅಡ್ಡಾಡಿದರೆ ಸಾಲದು. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ. ತೂಕ ಇಳಿಯಬೇಕಾದ್ದರಿಂದ ನಿಮ್ಮ ಗುರಿ 300ರ ಕಡೆಗಿರಲಿ, ಆದರೆ ಮೊದಲ ವಾರ ದಿನಕ್ಕೆ 20 ನಿಮಿಷ ಸಾಕು. ದುಡಿಯುವ ಸ್ನಾಯು ರಕ್ತದಲ್ಲಿರುವ ಟ್ರೈಗ್ಲಿಸರೈಡನ್ನು ಒಡೆದು ಇಂಧನವಾಗಿ ಉರಿಸುತ್ತದೆ. ಒಳ್ಳೆಯ ಬಿರುಸು ನಡಿಗೆಯ ಪರಿಣಾಮ ಮಾರನೇ ದಿನದವರೆಗೂ ಉಳಿಯುತ್ತದೆ. ಅದಕ್ಕೇ ಭಾನುವಾರ ಒಂದೇ ದಿನ ದೇವರಾಯನದುರ್ಗ ಹತ್ತಿ ಬಂದು ಆರು ದಿನ ಕೂತರೆ ಪ್ರಯೋಜನ ಕಡಿಮೆ. ವಾರಕ್ಕೆ ಎರಡು ದಿನ ಬಸ್ಕಿ, ದಂಡವನ್ನೂ ಸೇರಿಸಿ.

ವಾಕ್ ಮುಗಿಸಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಬಾರದಾ ಅಂದರೆ, ತಿನ್ನಿ. ಬೆಣ್ಣೆ ಬೇಡ ಅನ್ನಿ, ಒಂದಕ್ಕೆ ನಿಲ್ಲಿಸಿ.

ಎಚ್‌ಡಿಎಲ್ ನಿಧಾನಕ್ಕೆ, ಸ್ವಲ್ಪವೇ ಏರುತ್ತದೆ. ಬೇಜಾರಾಗಬೇಡಿ. ಎಲ್‌ಡಿಎಲ್ ಬರೀ ವ್ಯಾಯಾಮಕ್ಕೆ ಅಷ್ಟು ಬಗ್ಗುವುದಿಲ್ಲ, ಅದಕ್ಕೆ ಕರಿದದ್ದು, ಡಾಲ್ಡಾ, ಬೇಕರಿ ಪಫ್ ಬಿಡಬೇಕು. ತೂಕದಲ್ಲಿ ನಾಲ್ಕೈದು ಕೆ.ಜಿ. ಇಳಿದರೂ ಟ್ರೈಗ್ಲಿಸರೈಡ್ ಇಳಿಯಲು ಶುರುವಾಗುತ್ತದೆ.

ಒಮ್ಮೆ ವೈದ್ಯರಿಗೆ ಈ ವರದಿ ತೋರಿಸಿ, ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆಯ ಬಗ್ಗೆ ಕೇಳಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದನ್ನೂ ಹೇಳಿ. ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೂ ಬರೀ ನೀರು ಕುಡಿಯಬಹುದು, ಕುಡಿದೇ ಹೋಗಿ.