ವಸಡಿನ ರಕ್ತಕ್ಕೆ ಮಾತ್ರೆ ಸಾಕಾ?

ವಸಡಿನಲ್ಲಿ ರಕ್ತ ಅಂತ ಮಂಡ್ಯದ ನಮ್ಮ ಕ್ಲಿನಿಕ್‌ಗೆ ಬರುವ ಎಷ್ಟೋ ಜನ ಮೊದಲೇ ಮೆಡಿಕಲ್ ಶಾಪ್‌ಗೆ ಹೋಗಿ ಬಂದಿರುತ್ತಾರೆ. ಜೇಬಿನಲ್ಲಿ ಚೀಪುವ ವಿಟಮಿನ್ ಸಿ ಮಾತ್ರೆ. ಈಗೀಗ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಕೂಡ. ಹಲ್ಲು ಕ್ಲೀನಿಂಗ್ ಅಂದರೆ ಮಾತ್ರ ಹಿಂದೆ ಸರಿಯುತ್ತಾರೆ. "ಮಾತ್ರೇಲೇ ವಾಸಿ ಆಗಲ್ವಾ ಡಾಕ್ಟ್ರೇ?"

ಆಗಲ್ಲ. ಯಾಕೆ ಅಂತ ಹೇಳ್ತೀನಿ.

ವಸಡನ್ನು ಸುಡುವ ಚುರುಕು ರಾಸಾಯನಿಕಗಳಿಗೆ ಆಕ್ಸಿಡೆಂಟ್ ಅಂತಾರೆ, ಅವು ಹೆಚ್ಚಾಗಿ ಹುಟ್ಟುವುದು ನಮ್ಮದೇ ರಕ್ತಕಣಗಳಿಂದ. ಹಲ್ಲಿನ ಬುಡದಲ್ಲಿ ಬ್ಯಾಕ್ಟೀರಿಯಾದ ಪಾಚಿ ಕಟ್ಟಿದರೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಅಲ್ಲಿಗೆ ನುಗ್ಗುತ್ತವೆ. ಆಮ್ಲಜನಕದಿಂದ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಪೋಕ್ಲೋರಸ್ ಆಮ್ಲ ತಯಾರಿಸಿ ಬ್ಯಾಕ್ಟೀರಿಯಾ ಕೊಲ್ಲುತ್ತವೆ. ಅದೇ ಏಟು ಪಕ್ಕದ ವಸಡಿಗೂ, ಹಲ್ಲನ್ನು ಹಿಡಿದಿಟ್ಟ ಕೊಲಾಜೆನ್ ನಾರಿಗೂ ಬೀಳುತ್ತದೆ. ಮೂಳೆ ಕರಗಿಸುವ ಕಣಗಳೂ ಕೆರಳುತ್ತವೆ. ಜೊಲ್ಲಿನ ಯೂರಿಕ್ ಆಮ್ಲ, ಜೀವಕೋಶದ ಗ್ಲುಟಾಥಯೋನ್, ವಿಟಮಿನ್ ಸಿ ಇವೆಲ್ಲ ಆ ಏಟನ್ನು ತಡೆಯುವ ಆಂಟಿಆಕ್ಸಿಡೆಂಟ್‌ಗಳು. ತಡೆಗಿಂತ ಏಟು ಜಾಸ್ತಿಯಾದರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್.

ಈಗ ಯೋಚನೆ ಮಾಡಿ. ಪಾಚಿ ಇರುವ ತನಕ ಬಿಳಿ ಕಣ ಬರುತ್ತಲೇ ಇರುತ್ತದೆ. ಬಂದಷ್ಟೂ ಆಕ್ಸಿಡೆಂಟ್ ಹುಟ್ಟುತ್ತಲೇ ಇರುತ್ತದೆ. ನೀವು ನುಂಗಿದ ಮಾತ್ರೆ ಪಾಚಿಯನ್ನು ಮುಟ್ಟುವುದೇ ಇಲ್ಲ. ಗಟ್ಟಿಯಾಗಿ ಗಾರೆ ಆಗಿದ್ದರೆ ಬ್ರಶ್ಶಿಗೂ ಅದು ಬಗ್ಗಲ್ಲ. ನಾಲೆಯ ತೂಬು ತೆರೆದೇ ಇಟ್ಟು ಗದ್ದೆಯ ನೀರು ಮೊಗೆದರೆ ಏನು ಬಂತು? ಮೊದಲು ಗಾರೆ ತೆಗೆಯಬೇಕು. ಉಳಿದದ್ದೆಲ್ಲ ಆಮೇಲೆ.

ಪಾಂಡವಪುರದ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಎಲೆ ಅಡಿಕೆ, ಕಡ್ಡಿಪುಡಿ ಅಭ್ಯಾಸ. ಮಗ ತಂದುಕೊಟ್ಟ ಕ್ಯಾಪ್ಸೂಲನ್ನು ಒಂದು ದಿನವೂ ತಪ್ಪಿಸಿರಲಿಲ್ಲ, ಪಾಪ. ಹಿಂದಿನ ಹಲ್ಲುಗಳ ಸುತ್ತ, ಹಲ್ಲು ವಸಡಿನ ಸಂದಿಯಲ್ಲಿ, ಅಳತೆ ಕಡ್ಡಿ 6 ಮಿಲಿಮೀಟರ್ ಇಳಿಯಿತು. 3ರ ತನಕ ಸರಿ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆಯೂ ಏರಿತ್ತು. ಸಕ್ಕರೆ ಕಾಯಿಲೆ ಈ ಸ್ಟ್ರೆಸ್ಸನ್ನು ಹೆಚ್ಚಿಸುತ್ತದೆ, ಹೊಗೆಸೊಪ್ಪೂ ಅಷ್ಟೇ. ಕ್ಲೀನ್ ಮಾಡಿದ ಮೇಲೆ "ಹಲ್ಲು ಸಡಿಲ ಮಾಡ್ಬಿಟ್ರಲ್ಲಪ್ಪಾ" ಅಂತ ಬೇಜಾರು ಮಾಡಿಕೊಂಡರು. ಮೂಳೆ ಮೊದಲೇ ಕರಗಿತ್ತು. ಇಷ್ಟು ದಿನ ಗಾರೆಯೇ ಹಲ್ಲುಗಳನ್ನು ಅಂಟಿಸಿಟ್ಟಿತ್ತು. ಕನ್ನಡಿ ಹಿಡಿದು ತೋರಿಸಿದೆ. ಒಪ್ಪಿಕೊಂಡರು, ಕಡ್ಡಿಪುಡಿ ಬಿಡುವ ಮಾತು ಬಿಟ್ಟು.

ವಿಟಮಿನ್ ಸಿ ಪೂರಾ ಇಲ್ಲದಿದ್ದರೆ ವಸಡು ಊದಿ ರಕ್ತ ಬರುವುದು ನಿಜ. ಸ್ಕರ್ವಿ ಎಂಬ ಆ ಕಾಯಿಲೆಗೆ ಕಿತ್ತಳೆ, ನಿಂಬೆ ಗುಣ ಕೊಡುತ್ತದೆ ಅಂತ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲೇ ಹಡಗಿನಲ್ಲಿ ತೋರಿಸಿದ್ದರು. ನಮ್ಮಲ್ಲಿ ಅಂಥ ಕೊರತೆ ಅಪರೂಪ. 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಸಿ ಇರುತ್ತದೆ. ದಿನಕ್ಕೆ ಬೇಕಾಗುವುದು 65ರಿಂದ 80. ಬೆಟ್ಟದ ನೆಲ್ಲಿಕಾಯಿ ಇನ್ನೂ ಮೇಲು. ಹಣ್ಣು ತಿನ್ನಿ, ನನ್ನದೇನೂ ತಕರಾರಿಲ್ಲ. ಕ್ಲೀನಿಂಗ್ ಜೊತೆಗೆ ಆಂಟಿಆಕ್ಸಿಡೆಂಟ್ ಕೊಟ್ಟಾಗ ಕೆಲವು ಅಧ್ಯಯನಗಳಲ್ಲಿ ಸ್ವಲ್ಪ ಹೆಚ್ಚು ಲಾಭ ಕಂಡಿದೆ, ಕೆಲವದರಲ್ಲಿ ಇಲ್ಲ. ಹಾಗಾಗಿ ಎಲ್ಲರಿಗೂ ನಾನು ಬರೆಯುವುದಿಲ್ಲ. ಕಿಡ್ನಿ ಕಲ್ಲು ಆದವರು ದೊಡ್ಡ ಡೋಸ್ ಸಿ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಸುಮ್ನೆ ದಿನವಿಡೀ ಚೀಪುವುದೂ ಬೇಡ, ಆ ಹುಳಿ ಎನಾಮಲ್ ಸವೆಸುತ್ತದೆ.

ಕ್ಲೀನಿಂಗ್ ಆಗಿ 6ರಿಂದ 8 ವಾರಕ್ಕೆ ಮತ್ತೆ ಬನ್ನಿ, ಅಳೆಯೋಣ. ಆಗಲೂ ರಕ್ತ ಬರುತ್ತಿದ್ದರೆ ಸಕ್ಕರೆ, ರಕ್ತ, ಊಟ ಎಲ್ಲವನ್ನೂ ನೋಡೋಣ.