ಸಾಡೇಸಾತಿ ಅಲ್ಲ, ಅಪ್ಪನ ಮೌನ

ದಾವಣಗೆರೆಯ ಹೋಟೆಲೊಂದರಲ್ಲಿ ಬೆಣ್ಣೆ ದೋಸೆ ಮುಂದಿಟ್ಟುಕೊಂಡು ಪರಿಚಯದವರ ಮಗ ಸುಮ್ನೆ ಕೂತಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ. ಬೆಣ್ಣೆ ಕರಗಿ ತಟ್ಟೆಗೆ ಇಳಿದರೂ ಕೈ ಹಾಕಲಿಲ್ಲ.

"ಎರಡು ಸಬ್ಜೆಕ್ಟ್ ಹೋಗಿದಾವೆ ಅಂಕಲ್. ಅಪ್ಪ ಎಂಟು ದಿನದಿಂದ ಮಾತಾಡ್ತಿಲ್ಲ."

"ಹೊಡೆದ್ರಾ?"

"ಇಲ್ಲಪ್ಪ, ಅವರು ಯಾವತ್ತೂ ಕೈ ಎತ್ತಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು."

ಮಣಿಕಟ್ಟಿನಲ್ಲಿ ಹೊಸ ಕರಿದಾರ. ಅಮ್ಮ ಕಟ್ಟಿಸಿದ್ದು, ಸಾಡೇಸಾತಿಯಂತೆ. ಕಾರಣ ಮನೆಯಲ್ಲೇ ಕೂತಿದ್ದರೂ ಅದನ್ನು ಬಿಟ್ಟು ಶನಿಯವರೆಗೆ ಹೋಗ್ತೀವಲ್ಲ!

1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ ಮಕ್ಕಳ ಪಾಲನೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ಬರೀ ದಬ್ಬಾಳಿಕೆ, ಬರೀ ಸಲಿಗೆ, ಅಕ್ಕರೆ ಮತ್ತು ಶಿಸ್ತು ಎರಡೂ ಇರುವುದು. ಈ ಮೂರನೆಯದೇ ಮಕ್ಕಳಿಗೆ ಒಳ್ಳೆಯದು ಅನ್ನುವುದು ಈಗ ಹಳೇ ಮಾತು. ನನಗೆ ರುಚಿಸಿದ್ದು 1996ರಲ್ಲಿ ಸಂಶೋಧಕ ಬ್ರಯಾನ್ ಬಾರ್ಬರ್ ಎರಡು ಬಗೆಯ ಹತೋಟಿಯ ನಡುವೆ ಎಳೆದ ಗೆರೆ. 'ಹತ್ತು ಗಂಟೆಯೊಳಗೆ ಮನೆಗೆ ಬಾ' ಅನ್ನುವುದು ನಡತೆಗೆ ಹಾಕಿದ ಬೇಲಿ. ಮಾತು ಬಿಡುವುದು, 'ನಿನಗಾಗಿ ಇಷ್ಟೆಲ್ಲ ಮಾಡಿದೆ' ಎಂದು ಚುಚ್ಚುವುದು ಮನಸ್ಸಿಗೇ ಹಾಕಿದ ಹಗ್ಗ. ಹರೆಯದವರ ಖಿನ್ನತೆಯ ಜೊತೆ ಜಾಸ್ತಿ ನಂಟು ಕಂಡಿದ್ದು ಈ ಹಗ್ಗಕ್ಕೆ.

ಯಾಕೆ? ಹುಟ್ಟಿದ ಮಗುವಿಗೆ ತನ್ನ ಅಳುವನ್ನು ತಾನೇ ಇಳಿಸಿಕೊಳ್ಳಲು ಬರಲ್ಲ. ದೋಸೆ ಹಂಚು ಕಾಯ್ದಾಗ ಭಟ್ಟರು ನೀರು ಚಿಮುಕಿಸ್ತಾರಲ್ಲ, ಹಾಗೆ ಅಮ್ಮ ಎತ್ತಿಕೊಂಡು ಬೆನ್ನು ಸವರುತ್ತಾಳೆ. ಒತ್ತಡದ ರಾಸಾಯನಿಕವಾದ ಕಾರ್ಟಿಸಾಲ್ ಇಳಿಯುತ್ತದೆ. ಸಾವಿರ ಸಲ ಹೀಗಾದ ಮೇಲೆ ಮಗು ತಾನೇ ನೀರು ಚಿಮುಕಿಸಿಕೊಳ್ಳಲು ಕಲಿಯುತ್ತದೆ. ಆವೇಗಕ್ಕೆ ಲಗಾಮು ಹಾಕುವ ಹಣೆಯ ಹಿಂದಿನ ಮಿದುಳು ಬಲಿಯುವುದಕ್ಕೆ ಇಪ್ಪತ್ತೈದರ ಆಸುಪಾಸು ಆಗುತ್ತದೆ. ಇಪ್ಪತ್ತರ ಹುಡುಗನಿಗೂ ಹೊರಗಿನ ನೀರು ಬೇಕು.

ಇನ್ನೊಂದು ಥರ ಹೇಳ್ತೀನಿ. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲೇ. ಎಂಬತ್ತೊಂಬತ್ತು ವರ್ಷ ಹನಿ ನೀರು ಹರಿಯದಿದ್ದರೂ ಕೋಡಿ ಬೇಡ ಅಂತ ಯಾರೂ ಮುಚ್ಚಲಿಲ್ಲ, ಅಲ್ವಾ? ಮನಸ್ಸಿಗೆ ಮನೆಮಾತೇ ಕೋಡಿ. ಅಪ್ಪ ಮುಚ್ಚಿದ್ದು ಅದನ್ನೇ.

ಮುದ್ದು ಮಾಡಿದರೆ ಕೆಡ್ತಾರೆ ಅನ್ನುವುದು ನಮ್ಮೂರಿನ ಹಿರಿಯರ ಮಾತಷ್ಟೇ ಅಲ್ಲ. 1928ರಲ್ಲಿ ಜಾನ್ ವಾಟ್ಸನ್ ಎಂಬ ದೊಡ್ಡ ಮನೋವಿಜ್ಞಾನಿ, ಮಕ್ಕಳನ್ನು ಅಪ್ಪಬೇಡಿ, ಬೆಳಗ್ಗೆ ಕೈ ಕುಲುಕಿ ಸಾಕು ಎಂದು ಬರೆದಿದ್ದ! ಮೂವತ್ತು ವರ್ಷದ ಮೇಲೆ ಹ್ಯಾರಿ ಹಾರ್ಲೋ ಎಂಬ ಮನೋವಿಜ್ಞಾನಿಯ ಪ್ರಯೋಗದ ಕೋತಿಮರಿಗಳು ಉತ್ತರ ಕೊಟ್ಟವು. ಹಾಲು ಕೊಡುವ ತಂತಿಯ ಬೊಂಬೆಯನ್ನು ಬಿಟ್ಟು, ಹಾಲಿಲ್ಲದ ಬಟ್ಟೆಯ ಬೊಂಬೆಯನ್ನೇ ತಬ್ಬಿ ಕೂತವು.

ಎಲ್ಲವನ್ನೂ ಹೆತ್ತವರ ತಲೆಗೆ ಕಟ್ಟುವುದೂ ತಪ್ಪು. ಹುಟ್ಟುಗುಣ ಇದ್ದೇ ಇದೆ. ಮಗುವಿನ ಹಟವೂ ಅಪ್ಪನನ್ನು ಗಡಸು ಮಾಡುತ್ತದೆ.

ರಾತ್ರಿ ಆ ಅಪ್ಪನಿಗೆ ಫೋನ್ ಮಾಡಿದೆ. "ನಮ್ಮಪ್ಪ ನನ್ನತ್ರ ಆರು ತಿಂಗಳು ಮಾತು ಬಿಟ್ಟಿದ್ರು ಸಾರ್. ನಾನೇನು ಕೆಟ್ಟೋದ್ನಾ?" ಅಂದರು.

"ಆರು ತಿಂಗಳು ಅಂತ ಇನ್ನೂ ಲೆಕ್ಕ ಇಟ್ಟಿದೀರಲ್ಲ" ಅಂದೆ.

ಆ ಕಡೆ ಟಿವಿ ಸದ್ದು ಕಡಿಮೆಯಾಯಿತು.