ಉಕ್ಕಿನ ಆನೆ, ಕಬ್ಬಿನ ಗದ್ದೆ

ಅಕ್ಕನ ಮಗ ಶಿವಮೊಗ್ಗದಿಂದ ಬೆಂಗಳೂರಿಗೆ ರಜೆಗೆ ಬಂದಿದ್ದ. ಏಳನೇ ಕ್ಲಾಸು. ಬೆಳಿಗ್ಗೆ ಸ್ಯಾಂಕಿ ಟ್ಯಾಂಕ್‌ಗೆ ವಾಕಿಂಗ್ ಹೋಗೋಣ ಅಂದಿದ್ದೆ. ಎಂದೂ ಎಂಟರ ಒಳಗೆ ಏಳದವನು ಐದೂವರೆಗೇ ಶೂ ಹಾಕಿಕೊಂಡು ಕೂತಿದ್ದ. ಕೆರೆ ಸುತ್ತ ಒಂದು ಸುತ್ತು ಮುಗಿದ ಮೇಲೆ ಮೆಲ್ಲಗೆ ಕೇಳಿದ: "ಮಾಮ, ಟ್ಯಾಂಕ್ ಎಲ್ಲಿ ನಿಲ್ಲಿಸಿದ್ದಾರೆ?"

ನಗು ಬಂತು. ಆದರೆ ತಪ್ಪು ಅವನದಲ್ಲ. ಟ್ಯಾಂಕ್ ಎಂಬ ಪದ ಮೊದಲು ನೀರಿನದು, ಆಮೇಲೆ ಯುದ್ಧದ್ದು. ನಾವು ಇವತ್ತಿಗೂ ಮನೆ ಮೇಲಿಡುವ 'ಟಾಂಕಿ' ಗುಜರಾತಿ, ಮರಾಠಿ ಕಡೆಯಿಂದ ಬಂದದ್ದು. ಅದಕ್ಕೆ ಪೋರ್ಚುಗೀಸರ ಮಾತೂ ಬೆರೆತು ಇಂಗ್ಲಿಷಿಗೆ ಹೋಯಿತು. ದಂಡಿನ ದೊರೆಗಳು ನಮ್ಮ ಕೆರೆಗಳನ್ನೆಲ್ಲ ಟ್ಯಾಂಕ್ ಎಂದೇ ಕರೆದರು. ಮುಂದೆ ಮೊದಲ ಮಹಾಯುದ್ಧದ ನಡುವೆ ಇಂಗ್ಲೆಂಡಿನ ಲಿಂಕನ್ ಎಂಬ ಊರಿನ ಕಾರ್ಖಾನೆಯಲ್ಲಿ ಒಂದು ವಿಚಿತ್ರ ಉಕ್ಕಿನ ಪೆಟ್ಟಿಗೆ ತಯಾರಾಗತೊಡಗಿದಾಗ, ಗುಟ್ಟು ಬಯಲಾಗದಿರಲೆಂದು ಅದನ್ನು ನೀರಿನ ತೊಟ್ಟಿ ಎಂದು ಹೇಳಿಕೊಂಡರು. ಸುಳ್ಳು ಹೆಸರೇ ನಿಂತುಬಿಟ್ಟಿತು.

ಆ ಪೆಟ್ಟಿಗೆ ಹುಟ್ಟಿದ್ದು ಯಾವ ತಾಪತ್ರಯಕ್ಕೋ ಅದೇ ತಾಪತ್ರಯಕ್ಕೆ ನಮ್ಮೂರಿನಲ್ಲಿ ನಾಲ್ಕು ವರ್ಷ ಮೊದಲೇ ಒಂದು ಮದ್ದು ಕಂಡುಹಿಡಿದಿದ್ದರು. ಆ ತಾಪತ್ರಯ ಮುಳ್ಳುತಂತಿ. ಬೇಲಿಗೆಂದು ಬಂದ ಅಗ್ಗದ ತಂತಿ, ಮೆಷಿನ್ ಗನ್ ಜೊತೆ ಸೇರಿದ ಮೇಲೆ ಕಾಲಾಳುಗಳಿಗೆ ಯಮನಾಯಿತು. ತಂತಿ ದಾಟಲು ಎರಡು ನಿಮಿಷ ಬೇಕು, ಸಾಯಲು ಎರಡು ಸೆಕೆಂಡ್ ಸಾಕು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ಉದ್ದನೆಯ ಕೊಳವೆಗೆ ಸ್ಫೋಟಕ ತುಂಬಿ, ತುಂಡಿಗೆ ತುಂಡು ಜೋಡಿಸುತ್ತ ತಂತಿಯಡಿ ತಳ್ಳಿ ಸಿಡಿಸುವ ಸಾಧನ ಮಾಡಿದ. ಜಗತ್ತಿನ ಸೇನೆಗಳೆಲ್ಲ ಅದನ್ನು ಬ್ಯಾಂಗಲೋರ್ ಟಾರ್ಪೆಡೊ ಎನ್ನುತ್ತವೆ. 1944ರಲ್ಲಿ ನಾರ್ಮಂಡಿ ಕಡಲತೀರದಲ್ಲಿ ಅಮೆರಿಕನ್ ಸೈನಿಕರು ತಂತಿ ಸಿಡಿಸಿದ್ದೂ ಇದರಿಂದಲೇ. ಊರಿನ ಹೆಸರು ಬೆಂಗಳೂರು ಎಂದು ಬದಲಾಯಿತು, ಟಾರ್ಪೆಡೊ ಮಾತ್ರ ಬ್ಯಾಂಗಲೋರ್ ಆಗಿಯೇ ಉಳಿದಿದೆ. ಅದೇ ಪಡೆಯ ಈಗಿನ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್ ಹಲಸೂರು ಕೆರೆಯ ಪಕ್ಕದಲ್ಲಿದೆ. ಅಂದಹಾಗೆ, 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿಸಿದ ಕರ್ನಲ್ ಸ್ಯಾಂಕಿಯೂ ಮದ್ರಾಸ್ ಎಂಜಿನಿಯರ್ಸ್‌ನವನೇ.

ಕೊಳವೆ ತಳ್ಳಲು ಒಬ್ಬ ಜೀವಂತ ಮನುಷ್ಯ ತಂತಿಯವರೆಗೆ ತೆವಳಬೇಕು. ಟ್ಯಾಂಕ್‌ಗೆ ಆ ಕಷ್ಟವಿಲ್ಲ, ತುಳಿದುಕೊಂಡೇ ಹೋಗುತ್ತದೆ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ಕದನದಲ್ಲಿ ಅದು ಮೊದಲ ಬಾರಿ ಹೊರಬಂತು. ತರಿಸಿದ್ದು 49, ದಾಳಿಯ ಗೆರೆ ಮುಟ್ಟಿದ್ದು 32. ಉಳಿದವು ಕೆಟ್ಟು ನಿಂತವು, ಇಲ್ಲವೇ ಹೂತುಕೊಂಡವು. ವೇಗ ಗಂಟೆಗೆ ಆರು ಕಿಲೋಮೀಟರ್, ಅಂದರೆ ಸ್ಯಾಂಕಿ ಕೆರೆಯಲ್ಲಿ ಬೀಸುಗಾಲಲ್ಲಿ ನಡೆಯುವ ಪಿಂಚಣಿದಾರರ ವೇಗ.

ಈ ಹೂತುಕೊಳ್ಳುವ ವಿಷಯ ಟಿವಿ ಚರ್ಚೆಗಳಲ್ಲಿ ಬರುವುದೇ ಇಲ್ಲ. ಕ್ಷಿಪಣಿ, ಡ್ರೋನ್ ಎಂದೇ ಎಲ್ಲರ ಕೂಗಾಟ. ಸ್ವಲ್ಪ ಲೆಕ್ಕ ಹಾಕೋಣ. 1965ರಲ್ಲಿ ಪಾಕಿಸ್ತಾನದ ಬಳಿಯಿದ್ದ ಅಮೆರಿಕನ್ ಎಂ-48 ಪ್ಯಾಟನ್ ಟ್ಯಾಂಕಿನ ತೂಕ ಸುಮಾರು 45 ಟನ್. ಅದರ ಒಂದೊಂದು ಚೈನು 71 ಸೆಂಟಿಮೀಟರ್ ಅಗಲ, ನೆಲಕ್ಕೆ ತಾಗುವ ಉದ್ದ ಸುಮಾರು ನಾಲ್ಕು ಮೀಟರ್. ಭಾಗಿಸಿದರೆ ಒಂದು ಚದರ ಸೆಂಟಿಮೀಟರ್ ನೆಲದ ಮೇಲೆ ಬೀಳುವ ಭಾರ 800 ಗ್ರಾಂ ಆಸುಪಾಸು. ನಿಮ್ಮ ಕಾರಿನ ಟೈರಿಗೆ ಪೆಟ್ರೋಲ್ ಬಂಕಿನಲ್ಲಿ 30 ಗಾಳಿ ಹಿಡಿಸುತ್ತೀರಲ್ಲ, ಅದು ಚದರ ಸೆಂಟಿಮೀಟರಿಗೆ ಎರಡು ಕೆ.ಜಿ. ಅಂದರೆ ಪ್ಯಾಟನ್ ನೆಲವನ್ನು ಒತ್ತುವುದು ಮಾರುತಿ ಕಾರಿಗಿಂತ ಮೆತ್ತಗೆ! ಚೈನಿನ ಮಹಿಮೆ ಇದು. ಆದರೆ ನೀರು ಕುಡಿದ ಗದ್ದೆಯ ಮಣ್ಣು 800 ಗ್ರಾಂನ್ನೂ ತಾಳುವುದಿಲ್ಲ. ಟ್ಯಾಂಕ್ ಇಳಿಯುತ್ತ ಇಳಿಯುತ್ತ ಹೊಟ್ಟೆ ನೆಲಕ್ಕೆ ತಾಗಿತೋ, ಮುಗಿಯಿತು. ಭಾರವೆಲ್ಲ ಹೊಟ್ಟೆಯ ಮೇಲೆ, ಚೈನು ಸುಮ್ಮನೆ ಕೆಸರು ಕಡೆಯುತ್ತಿರುತ್ತದೆ.

ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ಆದದ್ದು ಇದೇ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್ ಅಲ್ಲಿ ನುಗ್ಗಿತು. ನಮ್ಮವರು ಕಾಲುವೆ ನೀರನ್ನು ಹೊಲಗಳಿಗೆ ಬಿಟ್ಟು, ಆಳೆತ್ತರದ ಕಬ್ಬಿನೊಳಗೆ ಮೂರು ಕಡೆಯಿಂದ ಹೊಂಚು ಹಾಕಿ ಕೂತರು. ಪ್ಯಾಟನ್ ಒಳಗಿದ್ದವನಿಗೆ ಕಬ್ಬಿನ ಗರಿ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಭಾರತೀಯ ಸೇನೆಯ ಲೆಕ್ಕದಲ್ಲಿ ಶತ್ರು ಕಳೆದುಕೊಂಡದ್ದು 97 ಟ್ಯಾಂಕ್. ಹಲವು ಕೆಡದೆ, ಸುಡದೆ, ಕೆಸರಿನಲ್ಲಿ ಹಾಗೇ ಸಿಕ್ಕವು. ಮಂಡ್ಯದ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಕಟ್ಟಿದ ಗದ್ದೆಗೆ ಟ್ರ್ಯಾಕ್ಟರ್ ಇಳಿಸಿ ಪಜೀತಿ ಪಟ್ಟವರು ಊರಿಗೆ ನಾಲ್ಕು ಜನ ಸಿಗುತ್ತಾರೆ.

ಅಲ್ಲೇ ಹವಾಲ್ದಾರ್ ಅಬ್ದುಲ್ ಹಮೀದ್ ಒಂದು ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್‌ಗಳನ್ನು ಒಂದೊಂದಾಗಿ ಹೊಡೆದು, ಕೊನೆಗೆ ತಾನೂ ಪ್ರಾಣ ಬಿಟ್ಟ. ಮರಣೋತ್ತರ ಪರಮವೀರ ಚಕ್ರ ಬಂತು. 45 ಟನ್ನಿನ ಎದುರು ಜೀಪೇ? ಶಾಲೆಯಲ್ಲಿ ಈ ಕತೆ ಹೇಳಿದ ಮೇಷ್ಟ್ರು ಶೌರ್ಯ ಹೇಳಿದರು, ಭೌತಶಾಸ್ತ್ರ ಬಿಟ್ಟುಬಿಟ್ಟರು.

ತೋಪು ಹಾರಿಸಿದರೆ ಗುಂಡು ಮುಂದಕ್ಕೆ, ತೋಪು ಹಿಂದಕ್ಕೆ. ಆ ಒದೆತ ತಡೆಯಲು ಟನ್‌ಗಟ್ಟಲೆ ಭಾರ ಬೇಕು, ಜೀಪಿಗಿಟ್ಟರೆ ಜೀಪೇ ಮಗುಚುತ್ತದೆ. ಹಮೀದ್ ಬಳಿಯಿದ್ದ 106 ಮಿಲಿಮೀಟರ್ ತೋಪಿಗೆ ಹಿಂದುಗಡೆ ತೆರೆದ ಬಾಯಿ ಇತ್ತು. ತೋಟಾದ ಚಿಪ್ಪಿಗೂ ತೂತುಗಳು. ಮದ್ದು ಉರಿದ ಅನಿಲದ ಒಂದು ಪಾಲು ಹಿಂದಕ್ಕೆ ಹಾರುತ್ತದೆ. ಗುಂಡು ಮುಂದಕ್ಕೆ ಒಯ್ದ ಸಂವೇಗಕ್ಕೆ ಅನಿಲ ಹಿಂದಕ್ಕೆ ಒಯ್ದದ್ದು ಸರಿಸಮ. ತೋಪು ಅಲ್ಲಾಡುವುದೇ ಇಲ್ಲ. ಹಾಗಾಗಿ ಇನ್ನೂರು ಚಿಲ್ಲರೆ ಕೆ.ಜಿ.ಯಲ್ಲೇ ಅದು ಮುಗಿದುಹೋಯಿತು. ಸಾಲ ಮಾತ್ರ ತೀರಿಸಲೇಬೇಕು: ಹಿಂದೆ ಏಳುವ ಬೆಂಕಿ, ಧೂಳು 'ನಾನಿಲ್ಲಿದ್ದೇನೆ' ಎಂದು ಕೂಗಿ ಹೇಳುತ್ತವೆ. ಹೊಡೆದು ತಕ್ಷಣ ಜಾಗ ಬಿಡದಿದ್ದರೆ ಮುಂದಿನ ಗುಂಡು ನಿಮಗೇ.

ಇನ್ನೊಂದು ತೊಡಕು. ಇಂಥ ತೋಪಿನ ಗುಂಡಿಗೆ ವೇಗ ಕಡಿಮೆ. ಬರೀ ಏಟಿಗೆ ಉಕ್ಕು ತೂತಾಗುವುದಿಲ್ಲ. ಅದಕ್ಕಿರುವ ಉಪಾಯವನ್ನು ನೀವು ಚಿಕ್ಕಂದಿನಲ್ಲಿ ಹೊಳೆಯಲ್ಲೋ ಬಕೆಟ್‌ನಲ್ಲೋ ಮಾಡಿದ್ದೀರಿ. ನೀರಿನೊಳಗೆ ಎರಡೂ ಅಂಗೈ ಬಟ್ಟಲಾಗಿ ಜೋಡಿಸಿ ಫಕ್ಕನೆ ಅಮುಕಿ. ಹೆಬ್ಬೆರಳ ಸಂದಿಯಿಂದ ನೀರು ಚಿಲ್ಲನೆ ತಮ್ಮನ ಮುಖಕ್ಕೆ ಹಾರುತ್ತದೆ. ಕೈ ಚಲಿಸಿದ್ದಕ್ಕಿಂತ ನೀರಿನ ವೇಗ ಎಷ್ಟೋ ಪಟ್ಟು ಹೆಚ್ಚು. ಸಿಡಿತಲೆಯಲ್ಲಿ ಅಂಗೈ ಬದಲು ತಾಮ್ರದ ಆಲಿಕೆ, ಅದರ ಬಾಯಿ ಗುರಿಯ ಕಡೆಗೆ, ಹಿಂದೆ ಸ್ಫೋಟಕ. ಸಿಡಿದಾಗ ಆಲಿಕೆ ಒಳಕ್ಕೆ ಕುಸಿದು ತೆಳ್ಳನೆಯ ತಾಮ್ರದ ಧಾರೆ ಹೊರಡುತ್ತದೆ. ತುದಿಯ ವೇಗ ಸೆಕೆಂಡಿಗೆ ಏಳೆಂಟು ಕಿಲೋಮೀಟರ್. ಮೆಜೆಸ್ಟಿಕ್ಕಿಂದ ಯಶವಂತಪುರಕ್ಕೆ ಒಂದೇ ಸೆಕೆಂಡು, ಸಿಗ್ನಲ್ ಇಲ್ಲದೆ. ಈ ಧಾರೆ ಉಕ್ಕನ್ನು ಕರಗಿಸುತ್ತದೆ ಎಂದು ಎಲ್ಲೆಲ್ಲೂ ಬರೆದಿರುತ್ತಾರೆ. ತಪ್ಪು. ಕರಗಲು ಅಷ್ಟು ಪುರುಸೊತ್ತೆಲ್ಲಿ? ಒತ್ತಡ ಎಷ್ಟಿರುತ್ತದೆಂದರೆ ಉಕ್ಕಿನ ಗಟ್ಟಿತನ ಲೆಕ್ಕಕ್ಕೇ ಬರುವುದಿಲ್ಲ; ಘನವಾಗಿದ್ದುಕೊಂಡೇ ಅದು ದ್ರವದಂತೆ ಪಕ್ಕಕ್ಕೆ ಸರಿಯುತ್ತದೆ, ಪೈಪಿನ ನೀರಿಗೆ ಹಸಿ ಮಣ್ಣು ಸರಿದ ಹಾಗೆ. ಆಲಿಕೆ ಕುಸಿದು ಧಾರೆ ಉದ್ದವಾಗಲು ತುಸು ಅಂತರ ಬೇಕು. ಹೆಗಲ ಮೇಲಿಂದ ಹಾರಿಸುವ ಆರ್‌ಪಿಜಿ ರಾಕೆಟ್ಟಿನ ಸಿಡಿತಲೆಯ ಮುಂದಿನ ಚೂಪು ಮೂತಿ ಗಾಳಿ ಸೀಳಲಿಕ್ಕಷ್ಟೇ ಅಲ್ಲ, ಈ ಅಂತರ ಕಾಯಲಿಕ್ಕೂ ಹೌದು.

ಇದಕ್ಕೆ ಟ್ಯಾಂಕಿನವರ ಉತ್ತರ ಕವಚದ ಮೇಲೆ ಸ್ಫೋಟಕದ ಇಟ್ಟಿಗೆ ಜೋಡಿಸುವುದು. ಧಾರೆ ತಾಗಿದೊಡನೆ ಇಟ್ಟಿಗೆ ಸಿಡಿದು ಅದರ ತಗಡು ಧಾರೆಗೆ ಅಡ್ಡ ಹಾಯುತ್ತದೆ, ಧಾರೆ ಚೂರಾಗುತ್ತದೆ. 1982ರಲ್ಲಿ ಲೆಬನಾನ್‌ನಲ್ಲಿ ಇಸ್ರೇಲ್ ಬಳಸಿತು. ಮರು ಉತ್ತರವಾಗಿ ಎರಡು ಸಿಡಿತಲೆ ಒಂದರ ಹಿಂದೊಂದು ಬಂದವು: ಮೊದಲನೆಯದು ಇಟ್ಟಿಗೆಗೆ, ಎರಡನೆಯದು ಟ್ಯಾಂಕಿಗೆ. ಅತ್ತೆ ಚಾಪೆಯಡಿ ತೂರಿದರೆ ಸೊಸೆ ರಂಗೋಲಿಯಡಿ.

ಟ್ಯಾಂಕಿನ ಕಾಲ ಮುಗಿಯಿತೆಂದು ಅದರ ತಿಥಿ ಮೊದಲ ಸಲ ಜೋರಾಗಿ ನಡೆದದ್ದು 1973ರ ಅಕ್ಟೋಬರಿನಲ್ಲಿ. ಇಸ್ರೇಲ್ ವಿರುದ್ಧದ ಯುದ್ಧದಲ್ಲಿ ಸೂಯೆಜ್ ಕಾಲುವೆ ದಾಟಿದ ಈಜಿಪ್ಟಿನ ಕಾಲಾಳುಗಳು ಸೂಟ್‌ಕೇಸಿನಂಥ ಪೆಟ್ಟಿಗೆಯಿಂದ ಸೋವಿಯತ್ ಸ್ಯಾಗರ್ ಕ್ಷಿಪಣಿ ತೆಗೆದು ಹಾರಿಸಿದರು. ಹಿಂದೆ ಸಣ್ಣ ತಂತಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ, ಸೈನಿಕ ಜಾಯ್‌ಸ್ಟಿಕ್ಕಿನಲ್ಲಿ ನಡೆಸುತ್ತಾನೆ. ಕಾಲಾಳು, ತೋಪುಗಳ ಜೊತೆಯಿಲ್ಲದೆ ನುಗ್ಗಿದ ಇಸ್ರೇಲಿ ಟ್ಯಾಂಕುಗಳು ಧೂಳೀಪಟವಾದವು. ಆದರೆ ಮೂರು ಕಿಲೋಮೀಟರ್ ಹಾರಲು ಸ್ಯಾಗರ್‌ಗೆ ಇಪ್ಪತ್ತೈದು ಸೆಕೆಂಡ್ ಬೇಕು, ಅಷ್ಟೂ ಹೊತ್ತು ಜಾಯ್‌ಸ್ಟಿಕ್ ಹಿಡಿದವನ ಕೈ ನಡುಗಬಾರದು. ಕ್ಷಿಪಣಿಯನ್ನು ಬಿಟ್ಟು ಅವನ ಕೈ ನಡುಗಿಸಿ ಎಂಬುದನ್ನು ಇಸ್ರೇಲಿಗಳು ಕೆಲವೇ ದಿನದಲ್ಲಿ ಕಲಿತರು. ಕಂಡಲ್ಲಿ ಶೆಲ್ ಸುರಿಸಿದರು, ಕಾಲಾಳುಗಳನ್ನು ಜೊತೆಗಿಟ್ಟುಕೊಂಡರು.

ನಮ್ಮ ಸೇನೆಗೆ ಆ ಪಾಠ ಹಳೆಯದು. 1948ರ ನವೆಂಬರ್ 1ರಂದು ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿ ಲಾ ಕಣಿವೆದಾರಿಗೆ 7ನೇ ಲೈಟ್ ಕ್ಯಾವಲ್ರಿಯ ಪುಟ್ಟ ಸ್ಟುವರ್ಟ್ ಟ್ಯಾಂಕುಗಳು ಹತ್ತಿದವು. ಯಾರಿಗೂ ತಿಳಿಯದಿರಲೆಂದು ಮೇಲಿನ ಗೋಪುರ ಬಿಚ್ಚಿ ಸಾಗಿಸಿದ್ದರು. ಹೇಸರಗತ್ತೆ ಹೋಗುವ ದಾರಿಯನ್ನು ಟ್ಯಾಂಕ್ ಹೋಗುವಂತೆ ಅಗಲ ಮಾಡಿದ್ದು ಹಲಸೂರಿನ ನಮ್ಮ ಮದ್ರಾಸ್ ಸ್ಯಾಪರ್ಸ್. ಮುಂದಿನ ಟ್ಯಾಂಕಿನಲ್ಲೇ ಕೂತಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಹಿಂದೆ ಕಾಲಾಳುಗಳು. ಅಲ್ಲಿ ಟ್ಯಾಂಕ್ ಬರಬಹುದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ.

ಈಗ ಎರಡನೇ ತಿಥಿ ನಡೆಯುತ್ತಿದೆ, ಉಕ್ರೇನಿನಲ್ಲಿ. ಟ್ಯಾಂಕಿನ ಮುಂಭಾಗ ಎಷ್ಟು ದಪ್ಪವೋ ನೆತ್ತಿ ಅಷ್ಟೇ ತೆಳು. ಅಮೆರಿಕದ ಜಾವೆಲಿನ್, ನಮ್ಮ ನಾಗ್, ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರಿನಿಂದ ಹಾರಿಸುವ ಹೆಲಿನಾ, ಈ ಕ್ಷಿಪಣಿಗಳೆಲ್ಲವೂ ಮೇಲಿಂದ ಎರಗಬಲ್ಲವು. ಅಗ್ಗದ ಡ್ರೋನ್‌ಗಳೂ ಅದನ್ನೇ ಕಲಿತವು. ನೆತ್ತಿಯನ್ನೂ ದಪ್ಪ ಮಾಡೋಣವೆಂದರೆ ನಮ್ಮ ಅರ್ಜುನ್ ಮಾರ್ಕ್ 1ಎ ಈಗಾಗಲೇ 68 ಟನ್. ಇನ್ನು ಹೆಚ್ಚಿದರೆ ಸೇತುವೆ ತಾಳಬೇಕಲ್ಲ. 2024ರಲ್ಲಿ ಹೊರಬಂದ ನಮ್ಮ ಹಗುರ ಟ್ಯಾಂಕ್ ಜೋರಾವರ್ 25 ಟನ್ನಿಗೆ ಇಳಿದಿದೆ, ಅದನ್ನು ನೀರಿನಲ್ಲೂ ತೇಲುವಂತೆ ರೂಪಿಸಿದ್ದಾರೆ. ಉಕ್ರೇನಿನಲ್ಲಂತೂ ಎರಡೂ ಕಡೆಯವರು ಟ್ಯಾಂಕಿನ ಮೇಲೆ ಕಬ್ಬಿಣದ ಪಂಜರ ಬೆಸೆದಿದ್ದಾರೆ. ಕೋಳಿಗೂಡು ಹೊತ್ತ ಲಾರಿಯಂತೆ ಕಾಣುತ್ತದೆ.

ಡ್ರೋನ್‌ಗೆ ಮದ್ದು ಅದರ ರೇಡಿಯೊ ಸಂಕೇತ ಕೆಡಿಸುವುದು. ಕೆಡಿಸಿದರು. ಅದಕ್ಕೆ ಡ್ರೋನಿನವರು ರೇಡಿಯೊವನ್ನೇ ಬಿಟ್ಟು, ಸ್ಯಾಗರ್‌ನ ಹಾಗೆ ಬಾಲಕ್ಕೆ ಎಳೆ ಕಟ್ಟಿದರು. ಈ ಸಲ ಲೋಹದ ತಂತಿಯ ಬದಲು ಗಾಜಿನ ಎಳೆ, ನಿಮ್ಮ ಮನೆಗೆ ಇಂಟರ್ನೆಟ್ ತರುವ ಅದೇ ಆಪ್ಟಿಕಲ್ ಫೈಬರ್. ಹಾರಿದ ಡ್ರೋನ್ ತಿರುಗಿ ಬರುವುದಿಲ್ಲ, ಎಳೆ ಮಾತ್ರ ಹೊಲದಲ್ಲೇ ಉಳಿಯುತ್ತದೆ. ಅಲ್ಲಿನ ಫೋಟೊಗಳನ್ನು ನೋಡಿದ್ದೇನೆ: ಇಬ್ಬನಿ ಬಿದ್ದ ರಾಗಿ ಹೊಲದ ಮೇಲೆ ಜೇಡರ ಬಲೆ ಹೊಳೆಯುತ್ತದಲ್ಲ, ಥೇಟ್ ಹಾಗೆ ಬೆಳಗಿನ ಬಿಸಿಲಿಗೆ ಇಡೀ ಬಯಲು ಮಿನುಗುತ್ತಿತ್ತು.